ಹನ್ನೆರಡು ಸಾವಿರದ ಪರದೆ ಹುಡುಕುತ್ತಾ ಎಸ್.ಪಿ. ರಸ್ತೆಯಲ್ಲಿ

ಬೆಳಿಗ್ಗೆ ಹತ್ತೂವರೆಗೆ ಟೌನ್ ಹಾಲ್ ಮೆಟ್ಟಿಲ ಬಳಿ ಅಕ್ಕನ ಮಗ ಕಾಯುತ್ತಿದ್ದ. ತುಮಕೂರಿನಿಂದ ಮೊದಲ ರೈಲು ಹಿಡಿದು ಬಂದವನು. ಜೇಬಿನಲ್ಲಿ ಹನ್ನೆರಡು ಸಾವಿರ ರೂಪಾಯಿ. ಡಿಪ್ಲೊಮಾ ಓದುತ್ತಾ, ರಜೆಯಲ್ಲಿ ಸಿಸಿ ಕ್ಯಾಮೆರಾ ಹಾಕುವವರ ಜೊತೆ ಏಣಿ ಹತ್ತಿ ಇಳಿದು ಕೂಡಿಟ್ಟ ದುಡ್ಡು. ನನ್ನನ್ನು ನೋಡಿದ ಕೂಡಲೇ ಕೇಳಿದ: "ಮಾಮ, ಇಷ್ಟಕ್ಕೆ 240 ಹರ್ಟ್ಜ್ ಸಿಗುತ್ತಾ?"

ಸಿಗಲಿ ಬಿಡಲಿ, ಆ ದುಡ್ಡಿನಲ್ಲಿ ಒಂದು ರೂಪಾಯಿಯೂ ಬರೀ ಪೆಟ್ಟಿಗೆ ಮೇಲೆ ಅಚ್ಚಾದ ಸಂಖ್ಯೆಗೆ ಹೋಗಬಾರದು ಎಂದು ನಾನು ಆಗಲೇ ನಿಶ್ಚಯ ಮಾಡಿಕೊಂಡಿದ್ದೆ.

ಬೆಂಗಳೂರಿನ ಎಸ್.ಪಿ. ರಸ್ತೆ, ಅಂದರೆ ಸದರ್ ಪತ್ರಪ್ಪ ರಸ್ತೆ, ಮೊದಲ ಸಲ ಬಂದವರನ್ನು ಸ್ವಲ್ಪ ಹೆದರಿಸುತ್ತದೆ. ಒಂದು ಕಡೆ ಬೇರಿಂಗು, ಪಂಪು, ಡ್ರಿಲ್ಲಿಂಗ್ ಮಷೀನು. ಇನ್ನೊಂದು ಕಡೆ ಸುರುಳಿ ಸುರುಳಿ ಕೇಬಲ್ಲು, ಎಲ್‌ಇಡಿ ಪಟ್ಟಿ, ರೆಸಿಸ್ಟರ್ ತುಂಬಿದ ಸಣ್ಣ ಡಬ್ಬಿಗಳು. ನಡುವೆ ತಳ್ಳುಗಾಡಿ, ಆಟೋ, ತಲೆ ಮೇಲೆ ಪೆಟ್ಟಿಗೆ ಹೊತ್ತವರು. ಕಂಪ್ಯೂಟರ್ ಅಂಗಡಿಗಳಲ್ಲಿ ಅರ್ಧ ರಸ್ತೆಗೇ ಕಾಣುವುದಿಲ್ಲ. ಕಿರಿದಾದ ಮೆಟ್ಟಿಲು ಹತ್ತಬೇಕು, ಇಲ್ಲವೇ ನೆಲಮಾಳಿಗೆಗೆ ಇಳಿಯಬೇಕು. ಭಾನುವಾರ ಬಂದರೆ ಹೆಚ್ಚಿನವು ಬಾಗಿಲು ಹಾಕಿರುತ್ತವೆ. ಶನಿವಾರ ಮಧ್ಯಾಹ್ನ ಬಂದರೆ ನಿಂತು ನೋಡಲು ಜಾಗ ಇರುವುದಿಲ್ಲ. ಅದಕ್ಕೇ ಅವನಿಗೆ ವಾರದ ನಡುವೆ, ಬೆಳಿಗ್ಗೆಯೇ ಬರಲು ಹೇಳಿದ್ದೆ.

ಹರ್ಟ್ಜ್ ಎಂಬ ಮಾತನ್ನು ಪಾಠದ ಪುಸ್ತಕದ ಆಚೆ ನಾನು ಮೊದಲು ಕೇಳಿದ್ದು ಇದೇ ಬೀದಿಯಲ್ಲಿ. ಆಗ ಹಿಂದೆ ಹೊಟ್ಟೆ ಇದ್ದ ಸಿಆರ್‌ಟಿ ಮಾನಿಟರ್‌ಗಳ ಕಾಲ. 60ರಲ್ಲಿ ಓಡಿಸಿದರೆ ಬಿಳಿ ಪರದೆ ಸಣ್ಣಗೆ ಮಿನುಗಿ, ಸಂಜೆಗೆ ತಲೆನೋವು ಬರುತ್ತಿತ್ತು. ಬಲ್ಲವರು 85ಕ್ಕೆ ಏರಿಸಿಕೊಳ್ಳುತ್ತಿದ್ದರು. ಆಮೇಲೆ ಚಪ್ಪಟೆ ಎಲ್‌ಸಿಡಿ ಬಂದವು. ಮಿನುಗು ಹೋಯಿತು, ಎಲ್ಲರೂ 60ಕ್ಕೇ ಒಗ್ಗಿಕೊಂಡರು. ಈಗ ಮತ್ತೆ ಹುಡುಗರಿಗೆ ಆ ಸಂಖ್ಯೆ ನೆನಪಾಗಿದೆ. ಕಾರಣ ಅವರ ಕೈಯಲ್ಲಿರುವ ಫೋನು. ಸಾಧಾರಣ ಬೆಲೆಯ ಫೋನಿನಲ್ಲೂ 120 ಹರ್ಟ್ಜ್ ಪರದೆ ಬಂದಿದೆ. ಅದರಲ್ಲಿ ದಿನವಿಡೀ ಬೆರಳಾಡಿಸಿದವನು ರಾತ್ರಿ 60ರ ಮಾನಿಟರ್ ಮುಂದೆ ಕುಳಿತರೆ ಏನೋ ತಡೆದು ತಡೆದು ಬಂದಂತೆ ಕಾಣುತ್ತದೆ. ಇವನ ದೂರೂ ಅದೇ. ಸುಳ್ಳಲ್ಲ.

ಅಂಗಡಿಗೆ ಹೋಗುವ ಮೊದಲು ಚಹಾ ಕುಡಿದೆವು. ಅಲ್ಲಿಯೇ ಒಂದು ಹಳೇ ಬಿಲ್ಲಿನ ಹಿಂದೆ ಅವನಿಂದಲೇ ಲೆಕ್ಕ ಮಾಡಿಸಿದೆ. ಹರ್ಟ್ಜ್ ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ತೋರಿಸುತ್ತದೆ ಎಂಬುದು. ಸೆಕೆಂಡಿಗೆ ಸಾವಿರ ಮಿಲಿಸೆಕೆಂಡು. 60ರಿಂದ ಭಾಗಿಸಿದರೆ ಒಂದು ಚಿತ್ರ 16.7 ಮಿಲಿಸೆಕೆಂಡು ನಿಲ್ಲುತ್ತದೆ. 144ಕ್ಕೆ 6.9. 180ಕ್ಕೆ 5.6. 240ಕ್ಕೆ 4.2. ಪೆನ್ನು ಅಲ್ಲಿಗೇ ನಿಂತಿತು. 60ರಿಂದ 144ಕ್ಕೆ ಹೋದರೆ ಉಳಿಯುವುದು ಹತ್ತಿರ ಹತ್ತಿರ ಹತ್ತು ಮಿಲಿಸೆಕೆಂಡು. 180ರಿಂದ 240ಕ್ಕೆ ಹಾರಿದರೆ ಉಳಿಯುವುದು ಒಂದೂವರೆಗೂ ಕಡಿಮೆ. 165ಕ್ಕೂ 180ಕ್ಕೂ ನಡುವೆ ಇರುವುದು ಬರೀ ಅರ್ಧ.

"ಹಂಗಾದ್ರೆ 240 ಬೇಡ್ವಾ?" ಅಂದ. ಬೇಡ ಅನ್ನಲಿಲ್ಲ. ಮೊದಲ ಹೆಜ್ಜೆಯೇ ದೊಡ್ಡದು, ಆ ಹೆಜ್ಜೆಯನ್ನು ಚೆನ್ನಾಗಿ ಇಡೋಣ, ಉಳಿದ ದುಡ್ಡು ಬೇರೆ ಕಡೆ ಬೇಕಾಗುತ್ತದೆ ಅಂದೆ.

ಮೊದಲ ಅಂಗಡಿ ಮೊದಲ ಮಹಡಿಯಲ್ಲಿತ್ತು. ಗೋಡೆ ತುಂಬ ಪರದೆಗಳು: ಎಲ್‌ಜಿಯ ಅಲ್ಟ್ರಾಗಿಯರ್, ಏಸರ್‌ನ ನೈಟ್ರೋ, ಎಂಎಸ್‌ಐ, ಗಿಗಾಬೈಟ್, ಸ್ಯಾಮ್‌ಸಂಗ್‌ನ ಒಡಿಸ್ಸಿ. ಎಲ್ಲದರಲ್ಲೂ ಗಿಳಿ, ಜಲಪಾತ, ಹಣ್ಣುಗಳ ಅದೇ ಬಣ್ಣದ ವಿಡಿಯೊ. ಇಂಥ ವಿಡಿಯೊ ನೋಡಿ ಗೇಮಿಂಗ್ ಮಾನಿಟರ್ ಆರಿಸುವುದು ನಿಂತ ಬಸ್ಸು ನೋಡಿ ಅದರ ಓಟ ಹೇಳಿದ ಹಾಗೆ. ಕೌಂಟರಿನ ಹುಡುಗನಿಗೆ ಹೇಳಿದೆ, "ವಿಡಿಯೊ ನಿಲ್ಲಿಸಿ, ಮೌಸ್ ಕೊಡಿ ಅಣ್ಣ." ಅವನಿಗೆ ಅರ್ಥವಾಯಿತು. ಪಕ್ಕ ಪಕ್ಕ ಎರಡು 24 ಇಂಚಿನ ಪರದೆ ಇಟ್ಟ. ಒಂದು ಆಫೀಸಿನ 60ರದು, ಇನ್ನೊಂದು 180ರದು.

ಕಪ್ಪು ಹಿನ್ನೆಲೆ ಹಾಕಿ, ಬಾಣದ ಗುರುತನ್ನು ಎಡದಿಂದ ಬಲಕ್ಕೆ ಝಾಡಿಸಿ ಎಳೆಯಲು ಅಕ್ಕನ ಮಗನಿಗೆ ಹೇಳಿದೆ. 60ರ ಪರದೆಯಲ್ಲಿ ಬಾಣ ಜಾರಲಿಲ್ಲ, ಕುಪ್ಪಳಿಸಿತು. ಕಣ್ಣಿಗೆ ಒಂದು ಸಾಲು ಬಾಣಗಳೇ ಉಳಿದವು, ನಡುವೆ ಖಾಲಿ ಖಾಲಿ. 24 ಇಂಚಿನ ಪರದೆ ಸುಮಾರು 53 ಸೆಂಟಿಮೀಟರ್ ಅಗಲ. ಅದನ್ನು ಕಾಲು ಸೆಕೆಂಡಿನಲ್ಲಿ ದಾಟಿಸಿದರೆ 60ರಲ್ಲಿ ಬರೀ ಹದಿನೈದು ಬಾಣ ಮೂಡುತ್ತವೆ, ಒಂದಕ್ಕೊಂದು ಮೂರೂವರೆ ಸೆಂಟಿಮೀಟರ್ ದೂರ. 180ರಲ್ಲಿ ನಲವತ್ತೈದು ಮೂಡುತ್ತವೆ, ನಡುವಿನ ದೂರ ಒಂದು ಸೆಂಟಿಮೀಟರಿಗೆ ಚೂರು ಹೆಚ್ಚು. ಅವನು ಆಡುವ ವ್ಯಾಲೊರಂಟ್ ಆಟದಲ್ಲಿ ಮೂಲೆಯಿಂದ ಎದುರಾಳಿ ಅಡ್ಡಡ್ಡ ಓಡಿದಾಗ ಆಗುವುದೂ ಇದೇ. ಅವನು ಇರುವ ಜಾಗ ಕಣ್ಣಿಗೆ ಸಿಗುವ ಸಲಗಳು ಮೂರರಷ್ಟಾಗುತ್ತವೆ. ಅಕ್ಕನ ಮಗ ನಾಲ್ಕು ಸಲ ಎಳೆದು ನೋಡಿದ, ಮಾತಾಡಲಿಲ್ಲ. ಅವನ ಕಣ್ಣಿಗೆ ಸಿಕ್ಕಿತ್ತು.

ಅಷ್ಟರಲ್ಲಿ ಅಂಗಡಿಯವರು ಇನ್ನೊಂದನ್ನು ತೋರಿಸಿದರು. 27 ಇಂಚು, ಬಾಗಿದ ಪರದೆ, ಪೆಟ್ಟಿಗೆ ಮೇಲೆ "1 ಮಿಲಿಸೆಕೆಂಡ್" ಎಂಬ ದೊಡ್ಡ ಅಕ್ಷರ, ಬೆಲೆ ಹನ್ನೊಂದು ಸಾವಿರದ ಚಿಲ್ಲರೆ. ಹುಡುಗನ ಕಣ್ಣು ಅರಳಿತು. ನಾನು ಮುಂದೆ ನಿಂತು ಕಪ್ಪು ಹಿನ್ನೆಲೆಯ ಮೇಲೆ ಬೂದು ಅಕ್ಷರಗಳಿದ್ದ ಪುಟ ತೆರೆಸಿ, ನಿಧಾನಕ್ಕೆ ಮೇಲೆ ಕೆಳಗೆ ಸರಿಸಿದೆ. ಅಕ್ಷರಗಳ ಹಿಂದೆ ಮಸಿ ಒರೆಸಿದಂಥ ನೆರಳು ಬಂತು. ಸರಿಸುವುದು ನಿಲ್ಲಿಸಿದ ಕ್ಷಣ ಮಾಯವಾಯಿತು. ಅದು ವಿಎ ಪ್ಯಾನೆಲ್. ವಿಎಯಲ್ಲಿ ಕಪ್ಪು ನಿಜವಾಗಿಯೂ ಕಪ್ಪಾಗಿರುತ್ತದೆ. ಇನ್ನೊಂದು ಬಗೆಯ ಪ್ಯಾನೆಲ್ ಆದ ಐಪಿಎಸ್‌ನ ಕಾಂಟ್ರಾಸ್ಟ್ ಸಾಮಾನ್ಯವಾಗಿ 1000ಕ್ಕೆ 1 ಇದ್ದರೆ ಇದರದು 3000ಕ್ಕೆ 1ರ ಆಸುಪಾಸು. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಿಗೆ ಬಹಳ ಒಳ್ಳೆಯದು. ಆದರೆ ಕಡಿಮೆ ಬೆಲೆಯ ವಿಎಯಲ್ಲಿ ಕಪ್ಪಿನಿಂದ ಬೂದಿಗೆ ತಿರುಗಲು ಪಿಕ್ಸೆಲ್ ತಡ ಮಾಡುತ್ತದೆ. ಪರದೆ ಸೆಕೆಂಡಿಗೆ 180 ಸಲ ಹೊಸ ಚಿತ್ರ ಕೊಟ್ಟರೂ ಹಳೆಯ ಚಿತ್ರದ ಬಣ್ಣ ಇನ್ನೂ ಇಳಿದಿರುವುದಿಲ್ಲ. ಕತ್ತಲ ಮೂಲೆಗಳಲ್ಲೇ ಆಡುವ ಆಟಕ್ಕೆ ಇದು ಸರಿಯಾದ ಪೆಟ್ಟು.

ಹಾಗಾದರೆ ಆ ಒಂದು ಮಿಲಿಸೆಕೆಂಡು? ಅದರ ಪಕ್ಕದ ಸಣ್ಣ ಅಕ್ಷರ ಓದಿ ಅಂದೆ. ಎಂಪಿಆರ್‌ಟಿ ಎಂದಿತ್ತು. ಹಿಂದಿನ ಬೆಳಕನ್ನು ಪಟಪಟ ಆರಿಸಿ ಹೊತ್ತಿಸಿ, ಚಿತ್ರ ಕಣ್ಣಲ್ಲಿ ಕಲೆಸದಂತೆ ಮಾಡಿದಾಗ ಸಿಗುವ ಅಂಕಿ ಅದು. ಅದನ್ನು ಹಾಕಿದರೆ ಪರದೆ ಮಂಕಾಗುತ್ತದೆ, ಬಹುಪಾಲು ಮಾನಿಟರ್‌ಗಳಲ್ಲಿ ಕಾರ್ಡಿನ ವೇಗಕ್ಕೆ ಪರದೆಯನ್ನು ಹೊಂದಿಸುವ ಅಡಾಪ್ಟಿವ್ ಸಿಂಕ್ ಆರಿಹೋಗುತ್ತದೆ. ಜಿಟಿಜಿ ಎಂದು ಬರೆದಿದ್ದರೆ ಪಿಕ್ಸೆಲ್ ಒಂದು ಬೂದಿನಿಂದ ಇನ್ನೊಂದು ಬೂದಿಗೆ ತಿರುಗುವ ಹೊತ್ತು. ಎರಡೂ ಬೇರೆ ಬೇರೆ ಅಳತೆ, ಪೆಟ್ಟಿಗೆ ಮೇಲೆ ಮಾತ್ರ ಒಂದೇ ಗಾತ್ರದ ಅಕ್ಷರ. ಇದು ನನಗೆ ನಿಜಕ್ಕೂ ಬೇಸರ ತರಿಸುವ ಸಂಗತಿ. ಏಣಿ ಹತ್ತಿ ದುಡಿದ ಹುಡುಗ ಆ ಸಂಖ್ಯೆ ನಂಬಿಯೇ ದುಡ್ಡು ಕೊಡುತ್ತಾನೆ. ಎಚ್‌ಡಿಆರ್ ಎಂಬ ಗುರುತಿನದೂ ಅದೇ ಕಥೆ. ಈ ಬೆಲೆಯಲ್ಲಿ ಅದು ಸಂಕೇತವನ್ನು ಒಪ್ಪಿಕೊಳ್ಳುತ್ತದೆ ಅಷ್ಟೇ, ತೋರಿಸುವಷ್ಟು ಬೆಳಕು ಪರದೆಗೆ ಇರುವುದಿಲ್ಲ.

27 ಇಂಚಿನ ಆಸೆ ಮಾತ್ರ ಅವನಿಗೆ ಬಿಡಲಿಲ್ಲ. ಅಳತೆ ಹಾಕಿ ತೋರಿಸಬೇಕಾಯಿತು. 1920ಕ್ಕೆ 1080, ಅಂದರೆ ಸುಮಾರು 20 ಲಕ್ಷ ಎಪ್ಪತ್ತು ಸಾವಿರ ಚುಕ್ಕೆಗಳು. 24 ಇಂಚಿನಲ್ಲಿ ಹರಡಿದರೆ ಇಂಚಿಗೆ 92 ಚುಕ್ಕೆ, 27ರಲ್ಲಿ ಹರಡಿದರೆ 82ಕ್ಕಿಳಿಯುತ್ತದೆ. ಕೈಯಳತೆ ದೂರದಲ್ಲಿ ಕುಳಿತರೆ ಅಕ್ಷರದ ಅಂಚು ಒರಟಾಗಿ ಕಾಣುತ್ತದೆ. 27ಕ್ಕೆ ಒಪ್ಪುವುದು 2560ಕ್ಕೆ 1440. ಆದರೆ ಅಲ್ಲಿ ಚುಕ್ಕೆಗಳು ಸುಮಾರು 37 ಲಕ್ಷ. ಅಷ್ಟನ್ನೂ ಪ್ರತಿ ಚಿತ್ರಕ್ಕೂ ಬಿಡಿಸಬೇಕಾದದ್ದು ಅವನ ಮನೆಯಲ್ಲಿರುವ ಗ್ರಾಫಿಕ್ಸ್ ಕಾರ್ಡು.

"ನಿನ್ನ ಕಾರ್ಡು ಯಾವುದು?"

"ಜಿಟಿಎಕ್ಸ್ 1650 ಮಾಮ. ಸೆಕೆಂಡ್ ಹ್ಯಾಂಡ್."

"ಯಾವುದರಲ್ಲಿ ಎಷ್ಟು ಎಫ್‌ಪಿಎಸ್ ಬರುತ್ತೆ?"

ಕಾರ್ಡು ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತದೆ ಎಂಬ ಆ ಲೆಕ್ಕವನ್ನು ಅವನು ಮನೆಯಲ್ಲೇ ನೋಡಿ, ಫೋನಿನಲ್ಲಿ ಚಿತ್ರ ತೆಗೆದು ತಂದಿದ್ದ. ವ್ಯಾಲೊರಂಟ್‌ನಲ್ಲಿ ಸೆಟ್ಟಿಂಗ್ ಇಳಿಸಿದರೆ 170ರಿಂದ 190. ಜಿಟಿಎ 5ರಲ್ಲಿ ಎಪ್ಪತ್ತರ ಹತ್ತಿರ. ಅಷ್ಟು ಗೊತ್ತಾದ ಮೇಲೆ ಯಾವ ಮಾನಿಟರ್ ಎಂಬುದು ಹೆಚ್ಚುಕಡಿಮೆ ತೀರ್ಮಾನವಾದ ಹಾಗೆಯೇ. ಅವನ ಕಾರ್ಡು 240 ಚಿತ್ರ ಕೊಡುವುದಿಲ್ಲ. ಕೊಡದೇ ಇದ್ದದ್ದನ್ನು ಪರದೆ ಎಲ್ಲಿಂದ ತೋರಿಸೀತು? 1440ರ ಪರದೆ ಕೊಂಡರೆ ಈಗ ಬರುತ್ತಿರುವುದೂ ಇಳಿಯುತ್ತದೆ.

ಆದರೆ ಎಪ್ಪತ್ತರ ಹತ್ತಿರ ಏರಿಳಿಯುವ ಆಟಕ್ಕೆ ಅಡಾಪ್ಟಿವ್ ಸಿಂಕ್ ಬೇಕೇ ಬೇಕು. ಕಾರ್ಡು ಚಿತ್ರ ಕಳಿಸುವ ಹೊತ್ತಿಗೂ ಪರದೆ ಬದಲಿಸುವ ಹೊತ್ತಿಗೂ ಹೊಂದದಿದ್ದರೆ ಮೇಲಿನ ಅರ್ಧ ಹಳೆಯ ಚಿತ್ರ, ಕೆಳಗಿನ ಅರ್ಧ ಹೊಸದಾಗಿ, ನಡುವೆ ಅಡ್ಡಕ್ಕೆ ಸೀಳಿದಂತೆ ಕಾಣುತ್ತದೆ. ಸಿಂಕ್ ಇದ್ದರೆ ಪರದೆ ಕಾರ್ಡಿಗಾಗಿ ಕಾಯುತ್ತದೆ. ಒಂದು ಕಾಲದಲ್ಲಿ ಎನ್‌ವಿಡಿಯಾ ಕಾರ್ಡಿನವರು ಇದಕ್ಕಾಗಿ ಜಿ-ಸಿಂಕ್ ಚಿಪ್ ಇದ್ದ ದುಬಾರಿ ಮಾನಿಟರ್ ಕೊಳ್ಳಬೇಕಿತ್ತು. 2019ರ ಜನವರಿಯಲ್ಲಿ ಆ ಕಂಪನಿ ಸಾಮಾನ್ಯ ಅಡಾಪ್ಟಿವ್ ಸಿಂಕ್ ಪರದೆಗಳಿಗೂ ಬಾಗಿಲು ತೆರೆಯಿತು. ಕಡಿಮೆ ದುಡ್ಡಿನವರಿಗೆ ಈ ಕ್ಷೇತ್ರದಲ್ಲಿ ಆದ ದೊಡ್ಡ ಉಪಕಾರ ಅದು ಎಂದೇ ನಾನು ತಿಳಿದಿದ್ದೇನೆ.

ಎರಡನೇ ಅಂಗಡಿ ನೆಲಮಾಳಿಗೆಯಲ್ಲಿತ್ತು. ಅಲ್ಲಿ 24 ಇಂಚು, ಐಪಿಎಸ್, 180 ಹರ್ಟ್ಜ್ ಸಿಕ್ಕಿತು. ಹಿಂದಿನ ಅಂಗಡಿಯಲ್ಲಿ ನೋಡಿದ ಜಾತಿಯದೇ, ಬೇರೆ ಕಂಪನಿಯದು. 18% ಜಿಎಸ್‌ಟಿ ಸೇರಿ ಹತ್ತು ಸಾವಿರದ ಆರುನೂರು ಅಂದರು. ಹಾರುವ ತಟ್ಟೆಗಳು ಮೂರು ಸಾಲಿನಲ್ಲಿ ಓಡುವ ಟೆಸ್ಟ್ ಯುಎಫ್‌ಒ ಪರೀಕ್ಷೆಯನ್ನು ಅಂಗಡಿಯವರೇ ಹಾಕಿ ಕೊಟ್ಟರು. ಮೇಲಿನ ಸಾಲು ಪರದೆಯ ಪೂರ್ತಿ ವೇಗದ್ದು, ಕೆಳಗಿನವು ಅರ್ಧ, ಕಾಲು. ಮೇಲಿನ ತಟ್ಟೆಯ ಅಂಚು ಗೀಟು ಎಳೆದಂತೆ ಇತ್ತು. ಮೆನುವಿನಲ್ಲಿ, ಪಿಕ್ಸೆಲ್ ಬೇಗ ತಿರುಗುವಂತೆ ಮಾಡುವ ಓವರ್‌ಡ್ರೈವ್ ಕೊನೆಯ ಹಂತಕ್ಕೇರಿಸಿದಾಗ ತಟ್ಟೆಯ ಹಿಂದೆ ಬಿಳಿ ಬಿಳಿ ದೆವ್ವದಂಥ ಗೆರೆ ಬಂತು. ನಡುವಿನ ಹಂತಕ್ಕೆ ಇಳಿಸಿದಾಗ ಹೋಯಿತು. ಆ ನಡುವಿನ ಹಂತವನ್ನೇ ನೆನಪಿಟ್ಟುಕೋ ಅಂದೆ.

ಇನ್ನು ಕೇಬಲ್. ಇವನ ಗೆಳೆಯನೊಬ್ಬ ಹಾಸ್ಟೆಲಿನಲ್ಲಿ 144ರ ಮಾನಿಟರ್ ಕೊಂಡು ಹತ್ತಿರ ಹತ್ತಿರ ಒಂದು ವರ್ಷ 60ರಲ್ಲೇ ಆಡಿದ್ದಾನೆ. ಯಾರೂ ಹೇಳಿರಲಿಲ್ಲ. ವಿಂಡೋಸ್ ಹೊಸ ಪರದೆಯನ್ನು ಬಹಳ ಸಲ 60ರಲ್ಲೇ ಬಿಡುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್‌ಗೆ ಹೋಗಿ ನಾವೇ ಸಂಖ್ಯೆ ಬದಲಿಸಬೇಕು. ಅವನ ಕೇಬಲ್ ಕೂಡ ಕಾರ್ಡಿಗಲ್ಲ, ಮದರ್‌ಬೋರ್ಡಿನ ತೂತಿಗೆ ಸಿಕ್ಕಿಸಿತ್ತಂತೆ. ಆ ಒಂದು ವರ್ಷ ನೆನೆದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಈಗ ಪರದೆಯ ಹಿಂದೆ ಬಗ್ಗಿ ಟಾರ್ಚು ಹಾಕಿ ನೋಡಿದೆವು. ಎರಡು ಎಚ್‌ಡಿಎಂಐ, ಒಂದು ಡಿಸ್‌ಪ್ಲೇಪೋರ್ಟ್. ಕೈಪಿಡಿಯಲ್ಲಿ ಎಚ್‌ಡಿಎಂಐಗೆ 144, ಡಿಸ್‌ಪ್ಲೇಪೋರ್ಟಿಗೆ 180 ಎಂದಿತ್ತು. ಪೆಟ್ಟಿಗೆಯಲ್ಲಿ ಇಟ್ಟಿದ್ದು ಎಚ್‌ಡಿಎಂಐ ಕೇಬಲ್ ಮಾತ್ರ. ಪಕ್ಕದ ಅಂಗಡಿಯಲ್ಲಿ ಡಿಸ್‌ಪ್ಲೇಪೋರ್ಟ್ ಕೇಬಲ್ ನಾಲ್ಕುನೂರಕ್ಕೆ ಬಂತು. ಬೇರೆ ಕಡೆ ದುಡ್ಡು ಬೇಕಾಗುತ್ತದೆ ಎಂದಿದ್ದು ಇದಕ್ಕೇ.

ಬಿಲ್ಲು ಹಾಕಿಸುವ ಮೊದಲು ನಮ್ಮ ಪೆಟ್ಟಿಗೆಯನ್ನೇ ಬಿಚ್ಚಿಸಿದೆವು, ಪ್ರದರ್ಶನಕ್ಕಿಟ್ಟದ್ದನ್ನಲ್ಲ. ಪರದೆ ತುಂಬ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಒಂದೊಂದಾಗಿ ಹಾಕಿ, ಅವನು ಮೂಗು ತಾಗುವಷ್ಟು ಹತ್ತಿರದಿಂದ ಸಾಲು ಸಾಲಾಗಿ ಹುಡುಕಿದ. ಸತ್ತ ಚುಕ್ಕೆ ಒಂದೆರಡಿದ್ದರೆ ಎಷ್ಟೋ ಕಂಪನಿಗಳು ವಾರಂಟಿಯಲ್ಲಿ ಬದಲಿಸಿ ಕೊಡುವುದಿಲ್ಲ. ಇಲ್ಲಿಯೇ ಕಂಡರೆ ಅಂಗಡಿಯಲ್ಲೇ ಮುಗಿಯುತ್ತದೆ. ಕಪ್ಪಿನಲ್ಲಿ ಕೆಳಗಿನ ಎಡ ಮೂಲೆಯಲ್ಲಿ ಸಣ್ಣ ಬೆಳಕಿನ ಮಂಜು ಇತ್ತು. ಐಪಿಎಸ್‌ನಲ್ಲಿ ಅದು ಇದ್ದದ್ದೇ, ತಲೆ ಸರಿಸಿದಾಗ ಅದೂ ಸರಿಯಿತು. ಚುಕ್ಕೆ ಯಾವುದೂ ಸಿಗಲಿಲ್ಲ. ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಂಡೆವು. ಹತ್ತು ಸಾವಿರದ ನಾಲ್ಕುನೂರಕ್ಕೆ ಒಪ್ಪಿದರು.

ಒಂದು ಕೊರತೆ ನನಗೂ ಕಂಡಿತ್ತು. ಸ್ಟ್ಯಾಂಡು ಹಿಂದೆ ಮುಂದೆ ಬಾಗುತ್ತದೆ ಅಷ್ಟೇ, ಎತ್ತರ ಏರುವುದಿಲ್ಲ. ಈ ಬೆಲೆಯಲ್ಲಿ ಕಂಪನಿಗಳು ಉಳಿಸುವುದೇ ಅಲ್ಲಿ. ಕತ್ತಿನ ವಿಷಯ, ಸಣ್ಣದೇನಲ್ಲ. ಹಿಂದೆ ವೆಸಾ ತೂತುಗಳಿವೆ, ಮುಂದೆ ದುಡ್ಡಾದಾಗ ಆರ್ಮ್ ಹಾಕಿಕೋ ಅಂದೆ.

ಮೆಜೆಸ್ಟಿಕ್‌ನಲ್ಲಿ ಬಸ್ಸಿನವರು ಪೆಟ್ಟಿಗೆಯನ್ನು ಕೆಳಗೆ ಡಿಕ್ಕಿಯಲ್ಲಿ ಇಡು ಎಂದರು. ಅವನು ಒಪ್ಪಲಿಲ್ಲ, ಕಿಟಕಿ ಪಕ್ಕ ಕುಳಿತು ತೊಡೆಯ ಮೇಲೆ ನಿಲ್ಲಿಸಿಕೊಂಡ. ಮುಖ ಕಾಣುತ್ತಿರಲಿಲ್ಲ, ಪೆಟ್ಟಿಗೆ ಅಪ್ಪಿದ ಎರಡು ಕೈ ಮಾತ್ರ ಕಾಣುತ್ತಿತ್ತು.

ರಾತ್ರಿ ಹನ್ನೊಂದೂವರೆಗೆ ಎರಡು ಫೋಟೊ ಬಂದವು. ಒಂದರಲ್ಲಿ ಸೆಟ್ಟಿಂಗ್ಸ್ ಕಿಟಕಿ, 180 ಎಂಬ ಸಂಖ್ಯೆಗೆ ಬೆರಳು ತೋರಿಸಿದ್ದ. ಇನ್ನೊಂದರಲ್ಲಿ ಮಾನಿಟರ್ ಕೆಳಗೆ ಎರಡು ದಪ್ಪ ಪಠ್ಯಪುಸ್ತಕ. ಜೊತೆಗೆ ಒಂದು ಸಾಲು: "ಮಾಮ, ಕಣ್ಣಿನ ಮಟ್ಟಕ್ಕೆ ಸರಿಯಾಗಿ ಬಂತು."