ಹಳಿಯ ಹಾದಿ, ಹಣದ ಹಾದಿ

ಸೊರಬ ಸೀಮೆಯ ಹೊಸಬಾಳೆಯಿಂದ ರೈಲು ಹಿಡಿಯಬೇಕೆನ್ನುವವನು ಮೊದಲು ಬಸ್ಸು ಹಿಡಿಯಬೇಕು. ಗದ್ದೆ, ಅಡಿಕೆ ತೋಟಗಳ ನಡುವಿನ ಈ ಹಳ್ಳಿಗೆ ಸಮೀಪದ ಹಳಿಯೆಂದರೆ ಸಾಗರ–ತಾಳಗುಪ್ಪಗಳದು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ಬಂದ ರೈಲು ಮುಂದೆ ತಾಳಗುಪ್ಪದತ್ತ ತಿರುಗಿತು. ಶಿಕಾರಿಪುರ, ಸೊರಬಗಳು ಪಕ್ಕಕ್ಕೆ ಉಳಿದವು.

2023ರ ಫೆಬ್ರವರಿ 27ರಂದು ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ಮಾರ್ಗಕ್ಕೆ ಪ್ರಧಾನಿಯವರಿಂದ ಶಂಕುಸ್ಥಾಪನೆಯಾಯಿತು. ಮಲೆನಾಡನ್ನು ಬೆಂಗಳೂರು–ಮುಂಬಯಿ ಮುಖ್ಯ ಮಾರ್ಗಕ್ಕೆ ಬೆಸೆಯುವ ಈ ಯೋಜನೆಗೆ ಅಂದು ಘೋಷಿಸಿದ ವೆಚ್ಚ 990 ಕೋಟಿ ರೂಪಾಯಿ. ಉದ್ದ ನೂರು ಕಿಲೋಮೀಟರಿನ ಆಸುಪಾಸು; ಎಂದರೆ ಕಿಲೋಮೀಟರಿಗೆ ಹೆಚ್ಚು ಕಡಿಮೆ ಹತ್ತು ಕೋಟಿ. ಇಷ್ಟು ಹಣ ಯಾರ ಬೊಕ್ಕಸದಿಂದ ಬರುತ್ತದೆ?

ಇಲ್ಲಿಯ ಒಪ್ಪಂದ ಸರಳವಾದುದು. ನಿರ್ಮಾಣದ ಖರ್ಚಿನಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಭೂಮಿಯನ್ನು ರಾಜ್ಯ ಸರಕಾರ ಉಚಿತವಾಗಿ ಒದಗಿಸಬೇಕು. ಗಳಿಕೆಯ ಲೆಕ್ಕವೊಂದನ್ನೇ ಹಿಡಿದರೆ ಮಲೆನಾಡಿನಂಥ ಸೀಮೆಗೆ ರೈಲು ಬರುವುದು ದುಸ್ತರ. ರಾಜ್ಯ ಹೆಗಲು ಕೊಟ್ಟರೆ ಕಡತ ಮುಂದೆ ಸರಿಯುತ್ತದೆ.

ಹಣ ಕೂಡಿಸುವ ಬಗೆಗಳು ಹಲವು. 1990ರಲ್ಲಿ ಸ್ಥಾಪಿತವಾದ ಕೊಂಕಣ ರೈಲ್ವೆ ನಿಗಮದ ಬಂಡವಾಳದಲ್ಲಿ ಕೇಂದ್ರ ಶೇಕಡಾ 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6ರಷ್ಟು ಪಾಲು ಹಾಕಿದವು. ಉಳಿದ ಹಣಕ್ಕೆ ನಿಗಮ ಸಾಲಪತ್ರಗಳನ್ನು ಮಾರಿತು. 1998ರಲ್ಲಿ ಮಾರ್ಗ ಪೂರ್ಣಗೊಂಡಿತು. ಆದರೆ ಆ ಸಾಲದ ಬಡ್ಡಿ ನಿಗಮಕ್ಕೆ ಬಹುಕಾಲ ಭಾರವಾಯಿತು. 42 ಕಿಲೋಮೀಟರಿನ ಬೆಂಗಳೂರು ಮೆಟ್ರೋದ ಮೊದಲ ಹಂತಕ್ಕೆ ತಗುಲಿದ್ದು ಸುಮಾರು 14,000 ಕೋಟಿ. ನೆಲದಡಿಯ ಸುರಂಗಕ್ಕೂ ಕಂಬಗಳ ಮೇಲಿನ ಹಳಿಗೂ ತೆರಬೇಕಾದ ಬೆಲೆ ಅದು. 2020ರಲ್ಲಿ ಒಪ್ಪಿಗೆ ಪಡೆದ 148 ಕಿಲೋಮೀಟರಿನ ಬೆಂಗಳೂರು ಉಪನಗರ ರೈಲಿನ ಅಂದಾಜು 15,767 ಕೋಟಿ. ಅದರಲ್ಲಿ ಕೇಂದ್ರ, ರಾಜ್ಯಗಳದು ತಲಾ ಶೇಕಡಾ 20, ಮಿಕ್ಕ 60 ಸಾಲ. ಅನುದಾನವನ್ನು ಮರಳಿಸಬೇಕಾಗಿಲ್ಲ; ಸಾಲಕ್ಕೆ ಬಡ್ಡಿಯುಂಟು. ಅನುದಾನ ಕುಗ್ಗಿದಷ್ಟೂ ಹೊರೆ ಮುಂದಿನ ಪೀಳಿಗೆಯ ಮೇಲೆ ಬೀಳುತ್ತದೆ.

ಆದರೆ ಅನುದಾನವೆಂಬುದು ಒಮ್ಮೆಗೇ ಸುರಿಯುವ ಮಳೆಯಲ್ಲ. ಒಟ್ಟು ಅಂದಾಜಿಗೆ ಮಂಜೂರಾತಿ ದೊರೆತರೂ ಹಣ ಬರುವುದು ವರ್ಷವರ್ಷದ ಆಯವ್ಯಯದಲ್ಲಿ, ಕಂತುಕಂತಾಗಿ. ಭೂಮಿ ಕೈಸೇರದೆ ಕೆಲಸ ನಡೆಯದು. ಕೆಲಸ ನಡೆಯದೆ ಹಣ ಖರ್ಚಾಗದು. ಖರ್ಚಾಗದ ಹಣಕ್ಕೆ ಬೇರೆಡೆ ಕಾಯುವ ಯೋಜನೆಗಳಿಗೆ ಕೊರತೆಯಿಲ್ಲ. ಅಷ್ಟರಲ್ಲಿ ಉಕ್ಕು, ಸಿಮೆಂಟು, ಕೂಲಿಗಳ ದರವೇರಿ ಹಳೆಯ ಅಂದಾಜು ಕಾಗದದ ಮೇಲಷ್ಟೇ ಉಳಿಯುತ್ತದೆ.

ಇಲ್ಲಿಯೇ ರೈತನ ಮಾತು ಬರುವುದು. 2013ರ ಭೂಸ್ವಾಧೀನ ಕಾಯಿದೆಯಂತೆ ಗ್ರಾಮಾಂತರದ ಭೂಮಿಗೆ ಮಾರುಕಟ್ಟೆ ಬೆಲೆಯನ್ನು ಎರಡು ಪಟ್ಟಿನವರೆಗೂ ಗುಣಿಸಿ, ಅದರ ಮೇಲೆ ಅಷ್ಟೇ ಮೊತ್ತದ ಸಾಂತ್ವನಧನವನ್ನು ಕೊಡಬಹುದು. ಕೇಳುವುದಕ್ಕೆ ದೊಡ್ಡ ಮೊತ್ತವೇ. ಆದರೆ ಲೆಕ್ಕದ ಬುನಾದಿ ನೋಂದಣಿಯಾದ ಕ್ರಯಪತ್ರಗಳ ಬೆಲೆ. ಅದು ನಿಜವಾದ ಬೆಲೆಗಿಂತ ಕೆಳಗಿರುವುದು ಯಾರಿಗೆ ತಿಳಿಯದು? ಇನ್ನು ಅಡಿಕೆಯ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ತೋಟ ಕಳೆದುಕೊಂಡವನು ಬೇರೆ ಭೂಮಿ ಕೊಂಡು ನೆಟ್ಟರೂ, ಆ ವರ್ಷಗಳಲ್ಲಿ ಒಲೆ ಉರಿಯಬೇಕಲ್ಲವೆ? ಪರಿಹಾರ ತಡವಾದರೆ ಅವನು ನ್ಯಾಯಾಲಯದ ಮೆಟ್ಟಿಲೇರುತ್ತಾನೆ. ಹಳಿ ಅಲ್ಲಿಗೆ ನಿಲ್ಲುತ್ತದೆ. ಭೂಮಿಯ ಹಣವನ್ನು ಮೊದಲು, ಸಕಾಲದಲ್ಲಿ ಸಲ್ಲಿಸುವುದು ಬರಿಯ ಔದಾರ್ಯವಲ್ಲ, ಮಿತವ್ಯಯವೂ ಹೌದು.

ಈ ಮಾರ್ಗ ಮುಗಿದರೂ ಹೊಸಬಾಳೆಯ ಬಾಗಿಲಿಗೆ ರೈಲು ಬಾರದು. ಆದರೆ ಶಿಕಾರಿಪುರದಲ್ಲಿ ನಿಲ್ದಾಣವಾದರೆ, ಊರಿಗೆ ಬರುವ ಮಗನಿಗೂ ಮಂಡಿಗೆ ಹೊರಡುವ ಮೂಟೆಗೂ ಇನ್ನೊಂದು ದಾರಿ ತೆರೆದಂತಾಗುತ್ತದೆ. ಆ ದಾರಿಗೆ ಅರ್ಧ ಹಣ ದಿಲ್ಲಿಯದು, ಅರ್ಧ ಬೆಂಗಳೂರಿನದು ಎಂದು ಕಡತ ಹೇಳಬಹುದು. ಎರಡೂ ಬೊಕ್ಕಸಗಳನ್ನು ತುಂಬಿದವನು ಪ್ರಜೆ. ಕಾಲಕೆಳಗಿನ ನೆಲವನ್ನು ಬಿಟ್ಟುಕೊಟ್ಟವನು ರೈತ. ಮೊದಲ ರೈಲಿನ ಸಿಳ್ಳು ಕೇಳಿದ ದಿನ ಈ ಇಬ್ಬರ ನೆನಪೂ ಉಳಿದಿರಲಿ.