ಮೂರನೇ ಇಂಜೆಕ್ಷನ್ನಿನ ತಾರೀಖು

“ಎರಡು ಇಂಜೆಕ್ಷನ್ ಆಗಿದೆಯಲ್ಲ ಡಾಕ್ಟ್ರೇ?”

ಪಶು ಆಸ್ಪತ್ರೆಯ ಮೇಜಿನ ಮೇಲೆ ಹಳೇ ಟವೆಲ್ಲಿನಲ್ಲಿ ಮುದುಡಿ ಮಲಗಿದ್ದ ಗುಂಡ ನಮ್ಮ ಮನೆಯ ನಾಯಿಮರಿ, ವಯಸ್ಸು 14 ವಾರ. ಹಿಂದಿನ ಸಂಜೆ ಅನ್ನದ ತಟ್ಟೆ ಮೂಸಿ ಮುಖ ತಿರುಗಿಸಿದ್ದ. ರಾತ್ರಿ ಎರಡು ಸಲ ಹಳದಿ ನೊರೆ ಕಕ್ಕಿದ. ಬೆಳಿಗ್ಗೆ ವರಾಂಡದಲ್ಲಿ ನೀರಿನಂಥ, ಕೆಂಪು ಬೆರೆತ ಭೇದಿ. ಅದರ ವಾಸನೆಯೇ ಬೇರೆ. ಒಮ್ಮೆ ಮೂಗಿಗೆ ಬಡಿದರೆ ಮರೆಯುವಂಥದ್ದಲ್ಲ. ಡಾಕ್ಟರು ಬಾಗಿಲಲ್ಲೇ ನಿಂತು “ಪಾರ್ವೊ ಇರಬೇಕು” ಎಂದುಬಿಟ್ಟರು. ಆಮೇಲೆ ಕಿಟ್‌ನಲ್ಲಿ ಎರಡು ಗೆರೆ ಮೂಡಿ ಖಾತ್ರಿಯೂ ಆಯಿತು.

ನನ್ನ ಪ್ರಶ್ನೆಗೆ ಅವರು ಉತ್ತರ ಕೊಡಲಿಲ್ಲ. ಲಸಿಕೆಯ ಕಾರ್ಡ್ ತೆಗೆದುಕೊಂಡು ಮೂರನೆಯ ಸಾಲಿನ ಮೇಲೆ ಬೆರಳಿಟ್ಟರು. ಪೆನ್ಸಿಲಿನಲ್ಲಿ ಬರೆದ ತಾರೀಖು ಕಳೆದು ಎಂಟು ದಿನವಾಗಿತ್ತು. ಹಬ್ಬಕ್ಕೆ ಊರಿಗೆ ಹೋಗಿದ್ದೆವು, ಬಂದ ಮೇಲೆ ಮರೆತೆವು. ಎರಡಾಗಿದೆ, ಸಾಕು ಎಂಬ ಧೈರ್ಯವೂ ಒಳಗಿತ್ತು.

ಪಾರ್ವೊ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಚಿಕ್ಕದು. ಹೆಸರಿಗೆ ತಕ್ಕಂತೆ ಈ ವೈರಸ್ಸಿನ ಅಡ್ಡಳತೆ ಸುಮಾರು 25 ನ್ಯಾನೋಮೀಟರ್. ನಮ್ಮ ಒಂದು ಕೂದಲಿನ ಅಗಲದಲ್ಲಿ ಎರಡು ಮೂರು ಸಾವಿರ ವೈರಸ್ಸುಗಳನ್ನು ಸಾಲಾಗಿ ಕೂರಿಸಬಹುದು. ಒಳಗೆ ಒಂಟಿ ಎಳೆಯ ಡಿಎನ್‌ಎ, ಸುಮಾರು ಐದು ಸಾವಿರ ಅಕ್ಷರ. ಇಷ್ಟು ಪುಟ್ಟ ಗಂಟಿನಲ್ಲಿ ತನ್ನ ಪ್ರತಿ ತೆಗೆದುಕೊಳ್ಳುವ ಯಂತ್ರಕ್ಕೆ ಜಾಗವಿಲ್ಲ. ಆದ್ದರಿಂದ, ಮನೆಯಲ್ಲಿ ಒಲೆ ಇಲ್ಲದವನು ಮದುವೆ ಮನೆ ಹುಡುಕಿಕೊಂಡು ಹೋದ ಹಾಗೆ, ಅದು ವಿಭಜನೆಯ ಭರದಲ್ಲಿರುವ ಜೀವಕೋಶವನ್ನೇ ಹುಡುಕುತ್ತದೆ. ಅಲ್ಲಿ ಡಿಎನ್‌ಎ ನಕಲು ಮಾಡುವ ಕೆಲಸ ಹೇಗೂ ನಡೆದಿರುತ್ತದೆ.

ಬೆಳೆಯುವ ಮರಿಯ ಮೈಯಲ್ಲಿ ಇಂಥ ಮದುವೆ ಮನೆಗಳು ಬೇಕಾದಷ್ಟಿವೆ. ಎಲ್ಲಕ್ಕಿಂತ ಗಡಿಬಿಡಿಯವು ಎರಡು: ಬಿಳಿ ರಕ್ತಕಣ ತಯಾರಾಗುವ ಮೂಳೆಯ ಮಜ್ಜೆ, ಮತ್ತು ಸಣ್ಣ ಕರುಳು. ಕರುಳಿನ ಒಳಗೋಡೆ ಟರ್ಕಿ ಟವೆಲ್ಲಿನಂತಿರುತ್ತದೆ. ಮೇಲೆದ್ದ ಎಳೆಗಳು ಆಹಾರ ಹೀರಿಕೊಳ್ಳುತ್ತವೆ. ಅವುಗಳ ತುದಿಯ ಕೋಶಗಳು ಸವೆದು ಉದುರುತ್ತಲೇ ಇರುತ್ತವೆ. ಬುಡದ ಕುಳಿಗಳಲ್ಲಿ ಹೊಸವು ಹುಟ್ಟಿ ಮೇಲಕ್ಕೆ ಸರಿಯುತ್ತವೆ. ಮೂರರಿಂದ ಐದು ದಿನಕ್ಕೊಮ್ಮೆ ಇಡೀ ಹಾಸು ಹೊಸದಾಗುತ್ತದೆ. ಪಾರ್ವೊ ಕೊಲ್ಲುವುದು ಆ ಬುಡದ ಕೋಶಗಳನ್ನು. ಮೇಲಿನವು ಉದುರುತ್ತವೆ, ಕೆಳಗಿನಿಂದ ಯಾರೂ ಬರುವುದಿಲ್ಲ. ಟವೆಲ್ಲು ಬೋಳಾಗಿ ನೀರು, ಉಪ್ಪು, ರಕ್ತ ಸೋರುತ್ತವೆ. ಕರುಳಿನಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಾಗಳು ಗೋಡೆ ದಾಟಿ ರಕ್ತಕ್ಕೆ ಇಳಿಯುತ್ತವೆ. ತಡೆಯಬೇಕಾದ ಬಿಳಿ ರಕ್ತಕಣಗಳ ಕಾರ್ಖಾನೆಗೂ ಅದೇ ಹೊತ್ತಿಗೆ ಬೀಗ ಬಿದ್ದಿರುತ್ತದೆ. ಮರಿ ಸಾಯುವುದು ಹೆಚ್ಚಾಗಿ ನೀರು ಬತ್ತಿ, ಸಕ್ಕರೆ ಅಂಶ ಕುಸಿದು, ರಕ್ತ ನಂಜಾಗಿ.

“ಔಷಧಿ ಕೊಡಿ ಡಾಕ್ಟ್ರೇ” ಎಂದಾಗ ಅವರು ಹೇಳಿದ್ದು ನೆನಪಿದೆ. “ವೈರಸ್ಸಿಗೆ ಮದ್ದು ನನ್ನ ಹತ್ರ ಇಲ್ಲ ಸಾರ್. ಕರುಳು ಮತ್ತೆ ಬೆಳೆಯೋ ತನಕ ಇವನನ್ನ ಉಳಿಸಿಕೊಳ್ಳಬೇಕು. ನಾಲ್ಕೈದು ದಿನ.”

ಚಿಕಿತ್ಸೆ ಎಂದರೆ ಇಷ್ಟೇ, ಆದರೆ ಅದೇನೂ ಸಣ್ಣ ಕೆಲಸವಲ್ಲ. ಡಾಕ್ಟರು ಮೊದಲು ಗುಂಡನ ಹೆಗಲ ಮೇಲಿನ ಚರ್ಮ ಚಿವುಟಿ ಬಿಟ್ಟರು. ಆರೋಗ್ಯವಾಗಿರುವ ಮರಿಯಲ್ಲಿ ಅದು ಪಟ್ಟನೆ ಕೂರುತ್ತದೆ. ಇವನಲ್ಲಿ ಡೇರೆಯಂತೆ ನಿಂತು ನಿಧಾನಕ್ಕೆ ಇಳಿಯಿತು. ತುಟಿ ಎತ್ತಿ ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಗಾಗಬೇಕು, ಆಗಲಿಲ್ಲ. ಒಸಡು ಒದ್ದೆಯಾಗಿರದೆ ಅಂಟಂಟಾಗಿತ್ತು. “ಎಂಟು ಪರ್ಸೆಂಟ್” ಎಂದು ಚೀಟಿಯ ಹಿಂದೆ ಲೆಕ್ಕ ಬರೆದರು.

ಲೆಕ್ಕ ಕಿರಾಣಿ ಅಂಗಡಿಯ ಖಾತೆಯಂತೆಯೇ ಇತ್ತು. ನಾಲ್ಕು ಕಿಲೋ ತೂಕದ ಮರಿ ಶೇ 8ರಷ್ಟು ನೀರು ಕಳೆದುಕೊಂಡಿದ್ದರೆ ಹಳೆಯ ಬಾಕಿ 320 ಮಿಲಿಲೀಟರ್. ದಿನದ ಸಹಜ ಖರ್ಚು ಕಿಲೋಗೆ ಕನಿಷ್ಠ 60 ಎಂದು ಹಿಡಿದರೂ 240. ಇದರ ಮೇಲೆ ವಾಂತಿ ಭೇದಿಯಲ್ಲಿ ಹೋಗುತ್ತಲೇ ಇರುವ ಹೊಸ ಸಾಲ. ಅಂದರೆ ಮೊದಲ ದಿನವೇ ಅರ್ಧ ಲೀಟರಿಗಿಂತ ಹೆಚ್ಚು ಒಳಗೆ ಹೋಗಬೇಕು. ಬಾಯಿಂದ ಕುಡಿಸಿದರೆ ನಿಲ್ಲುವುದಿಲ್ಲ. ಮುಂಗಾಲಿನ ರೋಮ ಬೋಳಿಸಿ ಸೂಜಿ ಚುಚ್ಚಿ ಡ್ರಿಪ್ಸ್ ಹಾಕಿದರು: ರಿಂಗರ್ ಲ್ಯಾಕ್ಟೇಟ್, ಜೊತೆಗೆ ಗ್ಲೂಕೋಸ್, ಪೊಟ್ಯಾಸಿಯಂ. ಸಣ್ಣ ಹನಿಯ ಸೆಟ್ಟಿನಲ್ಲಿ 60 ಹನಿಗೆ ಒಂದು ಮಿಲಿ. ಹಾಗಾಗಿ ನಿಮಿಷಕ್ಕೆ ಎಷ್ಟು ಹನಿಯೋ ಗಂಟೆಗೆ ಅಷ್ಟೇ ಮಿಲಿ. ಗಡಿಯಾರ ಹಿಡಿದು ಹನಿ ಎಣಿಸುವ ಕೆಲಸ ನನ್ನದಾಯಿತು. ವಾಂತಿ ನಿಲ್ಲಿಸಲು ಒಂದು ಇಂಜೆಕ್ಷನ್, ರಕ್ತಕ್ಕಿಳಿದ ಬ್ಯಾಕ್ಟೀರಿಯಾಗಳಿಗೆ ಆಂಟಿಬಯಾಟಿಕ್ ಇನ್ನೊಂದು. ಆಂಟಿಬಯಾಟಿಕ್ ವೈರಸ್ಸಿಗೆ ಏನೂ ಮಾಡುವುದಿಲ್ಲ. ಅದು ಹಿಂಬಾಗಿಲ ಕಾವಲಿಗೆ.

ಆ ಆಸ್ಪತ್ರೆಯಲ್ಲಿ ರಾತ್ರಿ ಮರಿಯನ್ನು ಇರಿಸಿಕೊಳ್ಳುವ ವ್ಯವಸ್ಥೆ ಇರಲಿಲ್ಲ. ಬೆಳಿಗ್ಗೆ ಕರೆದೊಯ್ಯುವುದು, ಸಂಜೆ ಹೊತ್ತು ತರುವುದು. ಹೊರಡುವಾಗ ಹೆಗಲ ಚರ್ಮದ ಅಡಿಗೆ ದ್ರವ ತುಂಬಿಸಿ ಕಳಿಸುತ್ತಿದ್ದರು. ಎತ್ತಿನ ಹಿಣಿಲಿನಂತೆ ಒಂದು ಉಬ್ಬು ಏಳುತ್ತಿತ್ತು; ಬೆಳಗಾಗುವ ಹೊತ್ತಿಗೆ ಮೈ ಅದನ್ನು ಹೀರಿಕೊಂಡಿರುತ್ತಿತ್ತು. ಇದು ಬಡವರ ಚಿಕಿತ್ಸೆ ಎಂದು ಮನಸ್ಸಿಗೆ ಕಷ್ಟವಾಗಿತ್ತು. ಆಮೇಲೆ ಓದಿದೆ: ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದವರು 40 ಮರಿಗಳಲ್ಲಿ ಇದನ್ನೇ ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಮೊದಲಿಗೆ ಸ್ಥಿತಿಯನ್ನು ಒಂದು ಹದಕ್ಕೆ ತಂದ ಮೇಲೆ ಆಸ್ಪತ್ರೆಯಲ್ಲೇ ಪೂರ್ಣ ಚಿಕಿತ್ಸೆ ಪಡೆದವುಗಳಲ್ಲಿ ಶೇ 90, ಹೊರರೋಗಿಗಳಂತೆ ಚರ್ಮದಡಿಯ ದ್ರವದಲ್ಲೇ ನೋಡಿಕೊಂಡವುಗಳಲ್ಲಿ ಶೇ 80 ಬದುಕಿದವು. ಏನೂ ಮಾಡದೆ ಬಿಟ್ಟರೆ ಹತ್ತಕ್ಕೆ ಒಂಬತ್ತು ಸಾಯುವ ಕಾಯಿಲೆಯಲ್ಲಿ ಇದು ದೊಡ್ಡ ಮಾತು. ದುಡ್ಡಿಲ್ಲ ಎಂದು ಕೈಚೆಲ್ಲುವವರಿಗೆ ಈ ಲೆಕ್ಕ ತಿಳಿದಿರಬೇಕು.

ಅನ್ನದ ವಿಷಯದಲ್ಲಿ ಹಳೆಯ ಪದ್ಧತಿ ಬದಲಾಗಿದೆ. ವಾಂತಿ ನಿಲ್ಲುವವರೆಗೆ ಉಪವಾಸ ಎನ್ನುತ್ತಿದ್ದರು. 2003ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕಾದ ಒಂದು ಅಧ್ಯಯನದಲ್ಲಿ, ಮೂಗಿನ ನಳಿಕೆಯ ಮೂಲಕ ಬೇಗನೆ ಆಹಾರ ಕೊಟ್ಟ ಮರಿಗಳು ಉಪವಾಸವಿದ್ದವುಗಳಿಗಿಂತ ಬೇಗ ಚೇತರಿಸಿಕೊಂಡವು. ಕರುಳಿನ ಕೋಶಗಳಿಗೆ ಊಟ ಒಳಗಿನಿಂದಲೂ ಬೇಕು. ಹಾಗೆಂದು ನೀವೇ ಬಾಯಿ ಬಿಡಿಸಿ ಗಂಜಿ ಸುರಿಯಬೇಡಿ. ನಿತ್ರಾಣಗೊಂಡ ಮರಿಯ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಮನೆಯಲ್ಲಿರುವ ಭೇದಿ ನಿಲ್ಲಿಸುವ ಮಾತ್ರೆಯೂ ಬೇಡ, ವಿಷವನ್ನು ಒಳಗೇ ಕಟ್ಟಿಹಾಕಿದಂತಾಗುತ್ತದೆ. ಜ್ವರದ ಮಾತ್ರೆಯಂತೂ ಬೇಡವೇ ಬೇಡ. ಮಲದಲ್ಲಿ ರಕ್ತ ಕಂಡರೆ “ಜಂತುಹುಳ ಇರಬೇಕು, ಔಷಧಿ ಹಾಕಿ ನೋಡೋಣ” ಎಂದು ಎರಡು ದಿನ ಕಾಯುವುದು ನಮ್ಮಲ್ಲಿ ಸಾಮಾನ್ಯ. ಆ ಎರಡು ದಿನವೇ ಮರಿಯ ಆಯುಷ್ಯ.

ಮೂರನೆಯ ದಿನ ಗುಂಡ ತಲೆ ಎತ್ತಲಿಲ್ಲ. ರಕ್ತ ಪರೀಕ್ಷೆಯ ಚೀಟಿ ನೋಡಿ ಡಾಕ್ಟರ ಮುಖ ಮಾತ್ರ ಸಡಿಲವಾಯಿತು. ಬಿಳಿ ರಕ್ತಕಣಗಳ ಸಂಖ್ಯೆ ಹಿಂದಿನ ದಿನಕ್ಕಿಂತ ಏರಿತ್ತು. ಕಣ್ಣಿಗೆ ಕಾಣುವ ಚೇತರಿಕೆಗಿಂತ ಮೊದಲೇ ಮಜ್ಜೆ ಸುದ್ದಿ ಕಳಿಸುತ್ತದೆ. ಐದನೆಯ ದಿನ ಬೆಳಿಗ್ಗೆ ಬೇಯಿಸಿದ ಕೋಳಿಯ ಒಂದು ಚೂರನ್ನು ನನ್ನ ಬೆರಳ ಮೇಲಿಂದ ನೆಕ್ಕಿದ. ಬಾಲದ ತುದಿ ಒಂದಿಷ್ಟೇ ಅಲ್ಲಾಡಿತು.

ಈ ವೈರಸ್ಸು ನಾಯಿಗಳಿಗೆ ಹಳೆಯ ಶತ್ರುವೇನೂ ಅಲ್ಲ. 1978ಕ್ಕೆ ಮುಂಚೆ ಪಶುವೈದ್ಯರು ಇದನ್ನು ಕಂಡಿರಲಿಲ್ಲ. ಬೆಕ್ಕುಗಳಲ್ಲಿ ಇದರ ಹತ್ತಿರದ ಬಳಗ ಮೊದಲೇ ಇತ್ತು, ಆದರೆ ಅದು ನಾಯಿಯ ಕೋಶದೊಳಗೆ ಹೋಗಲಾರದು. ಕೋಶಗಳು ಕಬ್ಬಿಣ ಒಳಗೆಳೆದುಕೊಳ್ಳಲು ಇಟ್ಟುಕೊಂಡ ಒಂದು ಬಾಗಿಲು, ಟ್ರಾನ್ಸ್‌ಫೆರಿನ್ ಗ್ರಾಹಕ, ನಾಯಿಯಲ್ಲಿ ತುಸು ಬೇರೆ ಆಕಾರದ್ದು. ವೈರಸ್ಸಿನ ಹೊರಚಿಪ್ಪಿನಲ್ಲಿ ಕೆಲವೇ ಕೆಲವು ಅಮೈನೊ ಆಮ್ಲಗಳು ಬದಲಾದವು, ಕೀಲಿ ಹೊಂದಿಕೊಂಡಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕಾಲಿನ್ ಪ್ಯಾರಿಶ್ ಈ ಕೀಲಿಯ ಬದಲಾವಣೆಯನ್ನು ದಶಕಗಳ ಕಾಲ ಬಿಡಿಸಿ ನೋಡಿದವರು. ಎರಡೇ ವರ್ಷದಲ್ಲಿ ಆ ಹೊಸ ವೈರಸ್ಸು ಜಗತ್ತು ಸುತ್ತಿತು. 1980ರ ದಶಕದ ಆರಂಭದಲ್ಲಿ ಭಾರತದಲ್ಲೂ ಕಾಣಿಸಿಕೊಂಡಿತು. ಲಸಿಕೆ ಇಲ್ಲದ ಆ ಹೊತ್ತಿನಲ್ಲಿ ಬೆಕ್ಕಿನ ಲಸಿಕೆಯನ್ನೇ ನಾಯಿಗೆ ಚುಚ್ಚಿದರು, ಅದು ತಕ್ಕಮಟ್ಟಿಗೆ ಕೆಲಸವನ್ನೂ ಮಾಡಿತು. ಅದೇ ಕಾರ್ನೆಲ್‌ನ ಲೆಲೆಂಡ್ ಕಾರ್ಮೈಕಲ್ ಮತ್ತು ಮ್ಯಾಕ್ಸ್ ಆಪೆಲ್ ಆಮೇಲೆ ನಾಯಿಯದೇ ಲಸಿಕೆ ರೂಪಿಸಿದರು. ತೋಳಗಳೂ ಈ ವೈರಸ್ಸಿನಿಂದ ತಪ್ಪಿಸಿಕೊಳ್ಳಲಿಲ್ಲ. ಅಮೆರಿಕದ ಸುಪೀರಿಯರ್ ಸರೋವರದ ನಡುವಿನ ಐಲ್ ರಾಯಲ್ ದ್ವೀಪದಲ್ಲಿ 1980ರಲ್ಲಿ 50 ತೋಳಗಳಿದ್ದವು. ಎರಡು ವರ್ಷದಲ್ಲಿ ಉಳಿದದ್ದು 14. ಪ್ರವಾಸಿಗರ ಜೊತೆ ಬಂದ ನಾಯಿಯಿಂದ ಪಾರ್ವೊ ದ್ವೀಪ ಮುಟ್ಟಿರಬೇಕೆಂದು ಊಹೆ. (ಮನುಷ್ಯರಿಗೆ ಇದು ಅಂಟುವುದಿಲ್ಲ. ನಮ್ಮದೊಂದು ಬೇರೆ ಪಾರ್ವೊ ವೈರಸ್ ಇದೆ, ಅದು ನಾಯಿಗೆ ಬರುವುದಿಲ್ಲ.)

ಗುಂಡನಿಗೆ ಎಲ್ಲಿಂದ ಬಂತು? ಆರು ತಿಂಗಳ ಹಿಂದೆ ಪಕ್ಕದ ಮನೆಯಲ್ಲಿ ಒಂದು ಮರಿ ರಕ್ತಭೇದಿಯಾಗಿ ಸತ್ತಿತ್ತು. ಅವರು ಅಂಗಳವನ್ನು ಫಿನಾಯಿಲ್ ಹಾಕಿ ತಿಕ್ಕಿ ತೊಳೆದಿದ್ದು ನನಗೆ ಗೊತ್ತು, ಬಕೆಟ್ ಕೊಟ್ಟವನು ನಾನೇ. ಗುಂಡ ಆಡುತ್ತಿದ್ದದ್ದು ಅದೇ ಬೇಲಿಯ ಬುಡದಲ್ಲಿ. ಕೊರೊನಾ ವೈರಸ್ಸಿನ ಮೈಮೇಲೆ ಕೊಬ್ಬಿನ ಪೊರೆಯಿದೆ, ಸೋಪು ಅದನ್ನು ಕರಗಿಸುತ್ತದೆ. ಪಾರ್ವೊಗೆ ಪೊರೆಯೇ ಇಲ್ಲ. 60 ಪ್ರೋಟೀನ್ ತುಣುಕುಗಳನ್ನು ಜೋಡಿಸಿದ ಗಟ್ಟಿ ಚಿಪ್ಪು ಮಾತ್ರ. ಸೋಪು, ಸ್ಯಾನಿಟೈಸರು, ಫಿನಾಯಿಲು ಇದಕ್ಕೆ ಲೆಕ್ಕಕ್ಕಿಲ್ಲ. ನೆರಳಿರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಕಾಯಿಲೆಯ ಮರಿಯ ಒಂದು ಗ್ರಾಂ ಮಲದಲ್ಲಿ ವೈರಸ್ಸುಗಳು ಕೋಟಿಗಟ್ಟಲೆ. ಚಪ್ಪಲಿಯ ಅಡಿಯಲ್ಲಿ ಸಾಸಿವೆಯಷ್ಟು ಬಂದರೂ ಸಾಕು. ಲಕ್ಷಣ ಕಾಣುವ ಮೊದಲೇ ಮರಿ ವೈರಸ್ಸನ್ನು ಹೊರಗೆ ಹಾಕತೊಡಗುತ್ತದೆ, ಹುಷಾರಾದ ಮೇಲೂ ಒಂದೆರಡು ವಾರ ಹಾಕುತ್ತದೆ.

ಇದಕ್ಕೆ ಬಗ್ಗುವುದು ಕ್ಲೋರಿನ್. ಮನೆಬಳಕೆಯ ಬ್ಲೀಚ್ ದ್ರಾವಣ ಒಂದು ಪಾಲಿಗೆ 30 ಪಾಲು ನೀರು, ನೆಲ ಹತ್ತು ನಿಮಿಷ ಒದ್ದೆಯಾಗಿರಬೇಕು. ಮೊದಲು ಕೊಳೆಯನ್ನೆಲ್ಲ ತೊಳೆದು ತೆಗೆಯಬೇಕು, ಇಲ್ಲದಿದ್ದರೆ ಕ್ಲೋರಿನ್ ಕೊಳೆಯ ಮೇಲೇ ಮುಗಿದುಹೋಗುತ್ತದೆ. ಸಿಮೆಂಟಿಗೆ ಇದು ಸರಿ. ಮಣ್ಣಿನ ಅಂಗಳಕ್ಕೆ ಬಿಸಿಲು ಮತ್ತು ಕಾಲವೇ ಗತಿ.

ಇನ್ನು ಆ ಮೊದಲ ಪ್ರಶ್ನೆ. ಎರಡು ಚುಚ್ಚಿಸಿದ್ದರೂ ಯಾಕೆ ಬಂತು? ತಪ್ಪು ಲಸಿಕೆಯದಲ್ಲ. ಒಂದು ಅರ್ಥದಲ್ಲಿ ಅದು ತಾಯಿಯ ಪ್ರೀತಿಯದು. ಹುಟ್ಟಿದ ಮೊದಲ ದಿನದ ಗಿಣ್ಣು ಹಾಲಿನಲ್ಲಿ ತಾಯಿ ತನ್ನ ಪ್ರತಿಕಾಯಗಳನ್ನು ಮರಿಗೆ ದಾಟಿಸುತ್ತಾಳೆ. ಅವು ಸುಮಾರು ಹತ್ತು ದಿನಕ್ಕೊಮ್ಮೆ ಅರ್ಧವಾಗುತ್ತಾ ಹೋಗುತ್ತವೆ. ಅವು ದಟ್ಟವಾಗಿರುವಾಗ ಲಸಿಕೆಯೊಳಗಿನ ದುರ್ಬಲ ವೈರಸ್ಸನ್ನೂ ಶತ್ರು ಎಂದೇ ತಿಳಿದು ಮುಗಿಸಿಬಿಡುತ್ತವೆ. ಮರಿಯ ಮೈಗೆ ಪಾಠವೇ ಆಗುವುದಿಲ್ಲ. ಆಮೇಲೆ ಒಂದು ಅವಧಿ ಬರುತ್ತದೆ: ಲಸಿಕೆಯನ್ನು ಕೆಡಿಸುವಷ್ಟು ಪ್ರತಿಕಾಯ ಉಳಿದಿದೆ, ಬೀದಿಯ ನಿಜವಾದ ವೈರಸ್ಸನ್ನು ತಡೆಯುವಷ್ಟು ಉಳಿದಿಲ್ಲ. ಈ ಸಂದು ಒಂದು ಮರಿಗೆ ಎಂಟನೇ ವಾರ ಬಂದರೆ ಅದರ ಒಡಹುಟ್ಟಿಗೆ ಹದಿನಾಲ್ಕನೇ ವಾರ. ಯಾರು ಎಷ್ಟು ಗಿಣ್ಣು ಕುಡಿದರೋ ಅದರ ಮೇಲೆ. ನೋಡಿ ಹೇಳಲಾಗದು. ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರುಮಾಡಿ ಎರಡರಿಂದ ನಾಲ್ಕು ವಾರಕ್ಕೊಂದರಂತೆ ಮತ್ತೆ ಮತ್ತೆ ಚುಚ್ಚುವುದು. ಅವು ಒಂದರ ಮೇಲೊಂದು ಬಲ ಕೂಡಿಸುವ ಡೋಸ್‌ಗಳಲ್ಲ. ಬಾಗಿಲು ಯಾವಾಗ ತೆರೆಯುತ್ತದೋ ಎಂದು ಮತ್ತೆ ಮತ್ತೆ ತಟ್ಟುವುದು. 16 ವಾರ ತುಂಬುವ ಹೊತ್ತಿಗೆ ಬಹುಪಾಲು ಮರಿಗಳಲ್ಲಿ ಅದು ತೆರೆದಿರುತ್ತದೆ. ಹಾಗಾಗಿ ಎಣಿಸಬೇಕಾದ್ದು ಎಷ್ಟು ಇಂಜೆಕ್ಷನ್ ಆಯಿತು ಎಂಬುದನ್ನಲ್ಲ, ಕೊನೆಯದು ಯಾವ ವಯಸ್ಸಿಗೆ ಆಯಿತು ಎಂಬುದನ್ನು.

ನಮ್ಮ ಡಾಕ್ಟರ ಹತ್ತಿರ ಇರದಿದ್ದ ಮದ್ದೂ ಈಗ ಬಂದಿದೆ: 2023ರಲ್ಲಿ ಅಮೆರಿಕದಲ್ಲಿ ಪಾರ್ವೊ ವೈರಸ್ಸನ್ನೇ ಹಿಡಿದು ನಿಲ್ಲಿಸುವ, ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರತಿಕಾಯಕ್ಕೆ (ಮಾನೋಕ್ಲೋನಲ್ ಆಂಟಿಬಾಡಿ) ಷರತ್ತಿನ ಅನುಮತಿ ಸಿಕ್ಕಿತು. ಗುಂಡನನ್ನು ಉಳಿಸಿದ್ದು ಮಾತ್ರ ಉಪ್ಪು ನೀರು, ಎರಡು ಬಗೆಯ ಇಂಜೆಕ್ಷನ್ನು ಮತ್ತು ಐದು ದಿನ.

ನಿಮ್ಮ ಮನೆಯಲ್ಲಿ ಮರಿಯಿದ್ದರೆ ಇವತ್ತೇ ಅದರ ಕಾರ್ಡ್ ತೆಗೆದು ನೋಡಿ. ಕೊನೆಯ ಇಂಜೆಕ್ಷನ್ ಹಾಕಿಸಿದ ದಿನ ಅದಕ್ಕೆ 16 ವಾರ ತುಂಬಿತ್ತೇ? ತುಂಬಿರದಿದ್ದರೆ ಇನ್ನೊಂದು ಬಾಕಿ ಇದೆ. ಅದು ಆಗುವವರೆಗೆ ಮರಿಯನ್ನು ಬೀದಿಗೆ ಬಿಡಬೇಡಿ.