ನಿಮಗಿದು ಗೊತ್ತೆ? ತೊಗರಿ ಚೀಲದಲ್ಲೂ ನೀರಿದೆ!

ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಗೆ ಬರುವ ತೊಗರಿ ಎಷ್ಟೇ ಒಣಗಿದಂತೆ ಕಂಡರೂ ಅದರೊಳಗೆ ನೀರಿರುತ್ತದೆ. ಬೆಂಬಲ ಬೆಲೆಗೆ ಕೊಳ್ಳುವಾಗ ಕಾಳಿನ ತೇವಾಂಶ ಶೇ 12ನ್ನು ಮೀರುವಂತಿಲ್ಲ. ಅಂದರೆ 100 ಕಿಲೋ ಕಾಳಿನಲ್ಲಿ 12 ಕಿಲೋವರೆಗೂ ನೀರೇ! ಅದಕ್ಕಿಂತ ಹಸಿಯಿದ್ದರೆ ಕಾಳನ್ನು ಬಿಸಿಲಿಗೆ ಹರವುತ್ತಾರೆ. ಸಂಜೆಗೆ ರಾಶಿಯ ತೂಕ ಇಳಿದಿರುತ್ತದೆ. ನೀರು ಎಲ್ಲಿಗೆ ಹೋಯಿತು? ಆವಿಯಾಗಿ ಗಾಳಿ ಸೇರಿತು. ನೀರು ಕುದಿಯಲು 100 ಡಿಗ್ರಿ ಸೆಲ್ಸಿಯಸ್ ಬೇಕು. ಆವಿಯಾಗಲು ಕುದಿಯಲೇಬೇಕೆಂದಿಲ್ಲ, ಬಿಸಿಲು ಗಾಳಿ ಸಾಕು.

ಆವಿ ಮೇಲೇರಿ, ತಣಿದು, ಸಣ್ಣ ಹನಿಗಳಾದರೆ ಮೋಡ. ಗುಡುಗು ಮೋಡದ ಎತ್ತರದಲ್ಲಿ ಹನಿ ಹೆಪ್ಪುಗಟ್ಟಿದರೆ ಸುಡುಬೇಸಿಗೆಯಲ್ಲೂ ಆಲಿಕಲ್ಲು! ಗಾಳಿ ಸೇರಿದ ಆವಿ ಸರಾಸರಿ ಒಂಬತ್ತು–ಹತ್ತು ದಿನಗಳಲ್ಲಿ ಎಲ್ಲೋ ಒಂದೆಡೆ ಮತ್ತೆ ನೆಲಕ್ಕೋ ಕಡಲಿಗೋ ಬೀಳುತ್ತದೆ. ಕಮಲಾಪುರದ ಕಡೆ ಸುರಿದ ಮಳೆನೀರು ಬೆಣ್ಣೆತೊರಾ ಹೊಳೆ ಸೇರಿ, ಕಾಗಿಣಾ, ಭೀಮಾ, ಕೃಷ್ಣಾ ನದಿಗಳ ಮೂಲಕ ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ಅಲ್ಲಿ ಬಿಸಿಲು ಮತ್ತೆ ಅದನ್ನು ಆವಿ ಮಾಡುತ್ತದೆ.

ಮಕ್ಕಳೇ, ನೆನೆಸಿದ ಒಂದು ಹಿಡಿ ಕಾಳನ್ನು ಕಿರಾಣಿ ಅಂಗಡಿಯಲ್ಲಿ ತೂಗಿಸಿ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಮತ್ತೆ ತೂಗಿಸಿ ನೋಡಿ.